ತುರ್ತು ಅಧಿಕಾರಕ್ಕೆ ಕಡಿವಾಣ: ಫ್ರಾನ್ಸ್ ಮಾದರಿಯೋ, ದಕ್ಷಿಣ ಆಫ್ರಿಕಾ ಮಾದರಿಯೋ?

ಸಂವಿಧಾನ ರಚಿಸುವವರಿಗೆ ಇವೆರಡೂ ಎದುರುಬದುರಾದ ಆಯ್ಕೆಗಳು. ಫ್ರಾನ್ಸ್ ಸಂವಿಧಾನದ 16ನೇ ವಿಧಿಯ ಪ್ರಕಾರ, ಬಿಕ್ಕಟ್ಟಿನಲ್ಲಿ ವಿಶೇಷಾಧಿಕಾರ ಕೈಗೆತ್ತಿಕೊಳ್ಳುವ ಮುನ್ನ ದೇಶದ ಅಧ್ಯಕ್ಷರು ಪ್ರಧಾನಿ, ಸಂಸತ್ತಿನ ಉಭಯ ಸದನಗಳ ಅಧ್ಯಕ್ಷರು ಹಾಗೂ ಸಾಂವಿಧಾನಿಕ ಮಂಡಳಿಯೊಂದಿಗೆ (ಕಾನೂನುಗಳು ಸಂವಿಧಾನಕ್ಕೆ ಅನುಗುಣವಾಗಿವೆಯೇ ಎಂದು ನೋಡುವ ಸಂಸ್ಥೆ) ಸಮಾಲೋಚಿಸಬೇಕು. ಆದರೆ ಅವರ ಒಪ್ಪಿಗೆ ಬೇಕಿಲ್ಲ. 1961ರ ಏಪ್ರಿಲ್‌ನಲ್ಲಿ ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದಲ್ಲಿ ಸೇನಾ ಜನರಲ್‌ಗಳು ದಂಗೆಯೆದ್ದಾಗ ಅಂದಿನ ಅಧ್ಯಕ್ಷ ದ ಗಾಲ್ ಈ ವಿಧಿಯನ್ನು ಬಳಸಿದರು. ದಂಗೆ ಕೆಲವೇ ದಿನಗಳಲ್ಲಿ ಅಡಗಿದರೂ ವಿಶೇಷಾಧಿಕಾರ ಮಾತ್ರ ಸೆಪ್ಟೆಂಬರ್ ಅಂತ್ಯದವರೆಗೆ ಮುಂದುವರಿಯಿತು. ಅದನ್ನು ಬಳಸುವ ತೀರ್ಮಾನವೇ ತನ್ನ ಪರಿಶೀಲನೆಗೆ ಒಳಪಡದೆಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ 1962ರಲ್ಲಿ ಹೇಳಿತು. 2008ರ ತಿದ್ದುಪಡಿಯಿಂದಾಗಿ 60 ದಿನಗಳ ಬಳಿಕ ಸಾಂವಿಧಾನಿಕ ಮಂಡಳಿ ತಾನಾಗಿಯೇ ಪರಿಸ್ಥಿತಿಯನ್ನು ಪರಿಶೀಲಿಸಿ ಅಭಿಪ್ರಾಯ ನೀಡುತ್ತದೆ. ತಡವಾಗಿಯಾದರೂ ಬಂದ ಬುದ್ಧಿ ಎನ್ನೋಣ.

ದಕ್ಷಿಣ ಆಫ್ರಿಕಾ ಸಂವಿಧಾನದ 37ನೇ ವಿಧಿ ಅಧಿಕಾರಸ್ಥರ ಮೇಲೆ ಅಷ್ಟು ನಂಬಿಕೆ ಇಡುವುದಿಲ್ಲ. ತುರ್ತು ಪರಿಸ್ಥಿತಿ ಘೋಷಣೆಯ ಆಯಸ್ಸು 21 ದಿನ. ಮೊದಲ ವಿಸ್ತರಣೆಗೆ ರಾಷ್ಟ್ರೀಯ ಸಭೆಯ (ಸಂಸತ್ತಿನ ಕೆಳಮನೆ) ಬಹುಮತ, ನಂತರದವುಗಳಿಗೆ ಸದಸ್ಯರಲ್ಲಿ ಶೇ. 60ರಷ್ಟು ಮಂದಿಯ ಬೆಂಬಲ ಬೇಕು, ಅಂದರೆ ದಿನ ಕಳೆದಂತೆ ಮೆಟ್ಟಿಲು ಎತ್ತರವಾಗುತ್ತದೆ. ಘೋಷಣೆಯ ಸಿಂಧುತ್ವವನ್ನು ನ್ಯಾಯಾಲಯ ತೀರ್ಮಾನಿಸಬಹುದು; ಜೀವಿಸುವ ಹಕ್ಕನ್ನೂ ಮಾನವ ಘನತೆಯನ್ನೂ ಯಾವ ಬಿಕ್ಕಟ್ಟಿನಲ್ಲೂ ಮುಟ್ಟುವಂತಿಲ್ಲ.

ಸರ್ಕಾರವೇ ಕುಸಿಯುವ ಭಯವಿದ್ದರೆ ಫ್ರಾನ್ಸಿನ ವೇಗ ಆಕರ್ಷಕ. ಅಧಿಕಾರಸ್ಥರೇ ಬಿಕ್ಕಟ್ಟಿನ ಒಂದು ಪಕ್ಷವಾಗಿರುವ ಸಾಧ್ಯತೆಯಿದ್ದರೆ, ನನ್ನ ಅಭಿಪ್ರಾಯದಲ್ಲಿ, ಎರಡನೆಯದನ್ನೇ ಆರಿಸಬೇಕು.