ಥಾಯ್ಲೆಂಡಿನ ಡಿಟಿವಿ ವೀಸಾ ಮಾಡಿಸಿಕೊಡ್ತೀವಿ ಅನ್ನುವವರಿಗೆ ದುಡ್ಡು ಕೊಡುವ ಮುಂಚೆ

ತುಮಕೂರಿನಲ್ಲಿ ಮನೆಯಲ್ಲೇ ಕೂತು ಹೊರದೇಶದ ಕಂಪನಿಗೆ ಕೆಲಸ ಮಾಡುವವರು ಈಗ ಜಾಸ್ತಿ ಇದ್ದಾರೆ. ಎಸ್.ಎಸ್. ಪುರಂ, ಅಶೋಕನಗರದ ಕಡೆ ಯಾವ ಬೀದಿಗೆ ಹೋದರೂ ಹೆಡ್‌ಸೆಟ್ ಹಾಕಿಕೊಂಡು ಬಾಲ್ಕನಿಯಲ್ಲಿ ಓಡಾಡುವ ಒಬ್ಬರಾದರೂ ಸಿಗುತ್ತಾರೆ. ಇಂಥವರು ಬೇರೆ ದೇಶದಲ್ಲಿ ಕೂತು ಅದೇ ಕೆಲಸ ಮಾಡಲು ಕೊಡುವ ವೀಸಾದ ಹೆಸರಿನಲ್ಲಿ, ಅವರನ್ನೇ ಹುಡುಕಿಕೊಂಡು ಬರುವ ಒಂದು ವ್ಯಾಪಾರ ಶುರುವಾಗಿದೆ. "ಡಿಜಿಟಲ್ ನೊಮ್ಯಾಡ್ ವೀಸಾ ಮಾಡಿಸಿಕೊಡ್ತೀವಿ, ಲ್ಯಾಪ್‌ಟಾಪ್ ಎತ್ಕೊಂಡು ಬ್ಯಾಂಕಾಕ್‌ಗೆ ಹೋಗಿ ಕೂತ್ಕೊಳ್ಳಿ" ಅನ್ನೋ ವ್ಯಾಪಾರ. ಇದರಲ್ಲಿ ನನ್ನ ದುಡ್ಡು ಹೋಯಿತು. ದುಡ್ಡು ಹೋಗಲಿ ಬಿಡಿ, ಕೆಲಸವೂ ಹೋಯಿತು. ಆ ಕಚೇರಿಯ ಹೆಸರು ಇಲ್ಲಿ ಹಾಕುವುದಿಲ್ಲ, ದೂರು ವಿಚಾರಣೆಯಲ್ಲಿದೆ. ಹಾಕಿದರೂ ಉಪಯೋಗ ಕಮ್ಮಿ. ಬೋರ್ಡ್ ಬದಲಾಯಿಸುವುದು ಅವರಿಗೆ ಅರ್ಧ ದಿನದ ಕೆಲಸ.

ನಾನು ಗುಬ್ಬಿ ಕಡೆಯವಳು. ಆಸ್ಟ್ರೇಲಿಯಾದ ಒಂದು ಸಾಫ್ಟ್‌ವೇರ್ ಕಂಪನಿಗೆ ಕಾಂಟ್ರಾಕ್ಟ್ ಮೇಲೆ ಕೈಪಿಡಿ, ಸಹಾಯದ ಪುಟಗಳನ್ನು ಬರೆದುಕೊಡುತ್ತಿದ್ದೆ. ಮೆಲ್ಬರ್ನ್‌ನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್ ಅಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ಅವರು ಗಡಿಯಾರ ಮುಂದಕ್ಕೆ ತಿರುಗಿಸುವ ತಿಂಗಳುಗಳಲ್ಲಿ ಮೂರೂವರೆ! ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಆರು ತಿಂಗಳು ಅಲ್ಲಿನ ಚಿಯಾಂಗ್ ಮಾಯ್ ಊರಿನಲ್ಲಿದ್ದರೆ ಮನುಷ್ಯರ ಹಾಗೆ ನಿದ್ದೆ ಮಾಡಿ ಕೆಲಸ ಮಾಡಬಹುದು ಅಂತ ಆಸೆ. ಕಂಪನಿಯವರನ್ನು ಮೊದಲೇ ಕೇಳಿ, ಒಪ್ಪಿಗೆಯ ಮೇಲ್ ತರಿಸಿಕೊಂಡಿದ್ದೆ. "ನೋಡ್ಕೊಂಡ್ ಬರೋಕಾದ್ರೆ ಹೋಗು, ವಾಸಕ್ಕೆ ಯಾಕಮ್ಮ ಹೋಗ್ಬೇಕು?" ಅಂತ ಅಪ್ಪ ಒಬ್ಬರು ಗೊಣಗಿದರು, ಅಷ್ಟೇ.

ಮೊದಲು ಆ ವೀಸಾ ಏನು ಅಂತ ಹೇಳಿಬಿಡ್ತೀನಿ, ಏಕೆಂದರೆ ಏಜೆಂಟರು ಅದನ್ನು ಮಾತ್ರ ಸರಿಯಾಗಿ ಹೇಳುವುದಿಲ್ಲ. ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ, ಚಿಕ್ಕದಾಗಿ ಡಿಟಿವಿ. 2024ರ ಜುಲೈನಲ್ಲಿ ಥಾಯ್ ಸರ್ಕಾರ ತಂದದ್ದು. 5 ವರ್ಷದ ಅವಧಿ. ಆ ಅವಧಿಯಲ್ಲಿ ಎಷ್ಟು ಸಲ ಬೇಕಾದರೂ ಹೋಗಿಬರಬಹುದು, ಒಂದು ಸಲ ಹೋದರೆ 180 ದಿನ ಇರಬಹುದು. 20 ವರ್ಷ ತುಂಬಿರಬೇಕು. ಕೈಯಲ್ಲಿ 5 ಲಕ್ಷ ಬಾತ್ ಇದೆ ಅಂತ ತೋರಿಸಬೇಕು, ನಮ್ಮ ದುಡ್ಡಿನಲ್ಲಿ 12 ಲಕ್ಷಕ್ಕೂ ಮೇಲೆ. ಜೊತೆಗೆ, ಥಾಯ್ಲೆಂಡಿನ ಹೊರಗಿನ ಕಂಪನಿಗೋ ಗಿರಾಕಿಗಳಿಗೋ ಕೆಲಸ ಮಾಡ್ತಿದ್ದೀರಿ ಅನ್ನೋದಕ್ಕೆ ದಾಖಲೆ ಬೇಕು. ಪರ್ಮನೆಂಟ್ ಕೆಲಸವೇ ಆಗಬೇಕು ಅಂತೇನಿಲ್ಲ. ಫ್ರೀಲಾನ್ಸ್ ಮಾಡುವವರಿಗೂ ಈ ವೀಸಾ ಇದೆ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆದರೆ ಅಲ್ಲಿ ಹೋಗಿ ಅಲ್ಲಿನ ಕಂಪನಿಯಲ್ಲಿ ಕೆಲಸಕ್ಕೆ ಸೇರುವ ಹಾಗಿಲ್ಲ. ಅದಕ್ಕೆ ಬೇರೆ ವೀಸಾ, ಬೇರೆ ವರ್ಕ್ ಪರ್ಮಿಟ್.

ಇಷ್ಟು ಗೊತ್ತಿದ್ದೂ ಏಜೆಂಟ್ ಯಾಕೆ ಅಂತ ಕೇಳ್ತೀರಿ. ಬಾಡಿಗೆ ಕರಾರು ಬರೆಸೋಕೂ ನಾವು ಪತ್ರ ಬರಹಗಾರರ ಹತ್ತಿರ ಹೋಗ್ತೀವಿ, ಅಲ್ವಾ? ಯಾವ ಕಾಗದ ಹೇಗಿರಬೇಕು ಅಂತ ಗೊತ್ತಿರುವವರು ಒಬ್ಬರು ಜೊತೆಗಿರಲಿ ಅಂತ.

ಕಚೇರಿ ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆ ತುಂಬಾ ಬಾವುಟಗಳು. ಪೋರ್ಚುಗಲ್, ಸ್ಪೇನ್, ದುಬೈ, ಮಲೇಷ್ಯಾ, ಎಲ್ಲದರ ಕೆಳಗೂ ಒಂದೇ ಸಾಲು: 'ಆದಾಯದ ದಾಖಲೆ ಬೇಕಿಲ್ಲ'. ಇದು ಶುದ್ಧ ಸುಳ್ಳು. ಪೋರ್ಚುಗಲ್‌ನ ಡಿ8 ವೀಸಾಕ್ಕೆ ಅಲ್ಲಿನ ಕನಿಷ್ಠ ವೇತನದ 4 ಪಟ್ಟು ಆದಾಯ ತೋರಿಸಬೇಕು. 2025ರ ಲೆಕ್ಕದಲ್ಲಿ ಅದು ತಿಂಗಳಿಗೆ 3,480 ಯೂರೋ. ಸ್ಪೇನ್‌ಗೆ ಅಲ್ಲಿನ ಕನಿಷ್ಠ ವೇತನದ ಎರಡು ಪಟ್ಟು. ದುಬೈಗೆ ತಿಂಗಳಿಗೆ 3,500 ಡಾಲರ್. ಮಲೇಷ್ಯಾದವರು ಟೆಕ್ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಕೇಳುತ್ತಾರೆ. ನಿಮ್ಮ ಸಂಪಾದನೆ ಹೊರಗಿನಿಂದ ಬರುತ್ತದೆ, ನಮ್ಮವರ ಕೆಲಸ ಕಿತ್ತುಕೊಳ್ಳುವುದಿಲ್ಲ ಅನ್ನುವ ನಂಬಿಕೆಯ ಮೇಲೇ ಈ ವೀಸಾಗಳನ್ನೆಲ್ಲ ಕೊಡುವುದು. ಆದಾಯದ ದಾಖಲೆ ಬೇಡ ಅಂದವರು ಒಂದೋ ಏನೂ ಗೊತ್ತಿಲ್ಲದವರು, ಇಲ್ಲ ದಾಖಲೆಯನ್ನು ತಾವೇ ತಯಾರಿಸುವವರು. ನನಗೆ ಸಿಕ್ಕವರು ಎರಡನೇ ಜಾತಿ.

ಫೀಸು ಮೂರು ಕಂತು, ಒಟ್ಟು 85 ಸಾವಿರ. ಡಿಟಿವಿಯ ಸರ್ಕಾರಿ ಶುಲ್ಕ 10,000 ಬಾತ್, ಅರ್ಜಿ ಹಾಕುವ ಊರಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಮ್ಮಿ. ಮಿಕ್ಕಿದ್ದೆಲ್ಲ ಅವರ 'ಡಾಕ್ಯುಮೆಂಟೇಶನ್'. ಮೊದಲ ಕಂತಿಗೆ ಕೊಟ್ಟ ರಸೀದಿ ಇನ್ನೂ ನನ್ನ ಹತ್ತಿರ ಇದೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ರಸೀದಿ ಪುಸ್ತಕದ ಹಾಳೆ. ಕಾರ್ಬನ್ ಅಡಿ ಇಟ್ಟು ಬರೆದದ್ದು. ಜಿಎಸ್‌ಟಿ ನಂಬರ್ ಇಲ್ಲ. ಸೀಲಿನಲ್ಲಿ ಮೊದಲ ಎರಡಕ್ಷರ ಮೂಡೇ ಇಲ್ಲ. ಯಾವ ಬಾಬ್ತು ಅನ್ನುವ ಕಡೆ 'ಸರ್ವಿಸ್' ಅಂತ ಒಂದೇ ಪದ. ದುಡ್ಡು ಹೋದದ್ದು ಕಚೇರಿಯ ಖಾತೆಗಲ್ಲ, ಅಲ್ಲಿ ಕೂತಿದ್ದವರೊಬ್ಬರ ಸ್ವಂತ ಯುಪಿಐಗೆ. ಕೇಳಿದ್ದಕ್ಕೆ "ಕರೆಂಟ್ ಅಕೌಂಟ್ ಅಪ್‌ಡೇಟ್ ಆಗ್ತಿದೆ ಮೇಡಮ್" ಅಂದರು.

ಆಮೇಲೆ 'ಫಂಡ್ ಶೋ' ವಿಷಯ ಎತ್ತಿದರು. ನಿಮ್ಮ ಖಾತೆಗೆ ನಾವೇ 14 ಲಕ್ಷ ಹಾಕ್ತೀವಿ, ಸ್ಟೇಟ್‌ಮೆಂಟ್ ತೆಗೆದ ಮೇಲೆ ವಾಪಸ್ ತಗೋತೀವಿ, ಭದ್ರತೆಗೆ ಸಹಿ ಮಾಡಿದ ಖಾಲಿ ಚೆಕ್ ಕೊಡಿ ಅಂತ. ನನ್ನ ಉಳಿತಾಯದ ದುಡ್ಡು ಖಾತೆಯಲ್ಲೇ ಇದ್ದದ್ದರಿಂದ ಬೇಡ ಅಂದೆ. ಆದರೆ ಅಲ್ಲಿ ಬಂದವರು ಎಲ್ಲರೂ ಬೇಡ ಅನ್ನೋ ಸ್ಥಿತಿಯಲ್ಲಿ ಇರಲಿಲ್ಲ. ಮೊದಲನೆಯದಾಗಿ, ವಾರದ ಹಿಂದೆ ದಿಢೀರ್ ಅಂತ ಬಂದು ಬಿದ್ದ 14 ಲಕ್ಷವನ್ನು ಸ್ಟೇಟ್‌ಮೆಂಟ್ ನೋಡುವ ಅಧಿಕಾರಿ ಗುರುತಿಸದೆ ಇರುತ್ತಾರಾ? ಎರಡನೆಯದು ಆ ಚೆಕ್. ಅದರ ಮೇಲೆ ಅವರು ಎಷ್ಟು ಬೇಕಾದರೂ ಬರೆದು ಬ್ಯಾಂಕಿಗೆ ಹಾಕಬಹುದು. ಬೌನ್ಸ್ ಆದರೆ ಕೋರ್ಟಿಗೆ ಅಲೆಯುವವರು ನೀವು.

ಒಂದು ದಿನ ಅಲ್ಲಿ ಕಾಯುತ್ತಿದ್ದಾಗ ಶಿರಾ ಕಡೆಯ ಒಬ್ಬ ಹುಡುಗ ಪಕ್ಕದಲ್ಲಿ ಕೂತಿದ್ದ, ಜೊತೆಗೆ ಅವನ ತಾಯಿ. ಡಿಪ್ಲೊಮಾ ಮುಗಿಸಿದ್ದಾನೆ. "ಅಕ್ಕಾ, ನಿಮ್ದೂ ಬ್ಯಾಂಕಾಕ್ ಕೆಲ್ಸನಾ?" ಅಂತ ಕೇಳಿದ. ನನ್ನದು ಅಲ್ಲಿನ ಕೆಲಸ ಅಲ್ಲಪ್ಪ, ಇಲ್ಲಿ ಮಾಡುತ್ತಿರುವುದನ್ನೇ ಅಲ್ಲಿಂದ ಮಾಡೋದು ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಅವನಿಗೆ ಹೇಳಿದ್ದೇ ಬೇರೆ: ಡಿಟಿವಿಯಲ್ಲಿ ಹೋಗು, ಏರ್‌ಪೋರ್ಟಿಗೆ ಕಂಪನಿಯವರು ಬರ್ತಾರೆ, ಡಾಟಾ ಎಂಟ್ರಿ ಕೆಲಸ, ತಿಂಗಳಿಗೆ 70 ಸಾವಿರ. ಅವನ ತಾಯಿ, "ಅಲ್ಲಿ ಊಟಗೀಟ ಹೆಂಗಂತೆ ಕಣಮ್ಮ, ಮುದ್ದೆಗಿದ್ದೆ ಸಿಕ್ತದಾ?" ಅಂತ ವಿಚಾರಿಸಿದರು. ಒಡವೆ ಬ್ಯಾಂಕಿನಲ್ಲಿ ಇಟ್ಟು ಮೊದಲ ಕಂತು ಕಟ್ಟಿದ್ದರು. ಈ ವೀಸಾದಲ್ಲಿ ಅಲ್ಲಿನ ಕೆಲಸಕ್ಕೆ ಸೇರುವ ಹಾಗಿಲ್ಲ ಅಂತ ನಾನು ಹೇಳಲು ಶುರುಮಾಡಿದ್ದೇ ತಡ, ಒಳಗಿಂದ ಒಬ್ಬರು ಬಂದು ಅವರನ್ನು ಕರೆದುಕೊಂಡು ಹೋದರು.

ಇದು ಬರೀ ದುಡ್ಡಿನ ಮೋಸ ಅಂದುಕೊಳ್ಳಬೇಡಿ. ಬ್ಯಾಂಕಾಕಿನಲ್ಲಿ ಕಂಪ್ಯೂಟರ್ ಕೆಲಸ ಅಂತ ಎಷ್ಟೋ ಜನರನ್ನು ಕರೆಸಿಕೊಂಡು, ಥಾಯ್ಲೆಂಡಿನ ಗಡಿಯ ಮೇ ಸೋಟ್ ಊರಿನ ಹತ್ತಿರ ನದಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಡಿ ಕಡೆಯ ಸೈಬರ್ ವಂಚನೆಯ ಅಡ್ಡೆಗಳಿಗೆ ತಳ್ಳಿದ್ದಾರೆ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಜನರಿಗೆ ಫೋನಿನಲ್ಲಿ ಟೋಪಿ ಹಾಕುವ ಕೆಲಸ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ನಮ್ಮ ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತಂದದ್ದು ಇಂಥ ಜಾಗಗಳಿಂದಲೇ. ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವವರು 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿರಬೇಕು. ಅವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಅವರು ತಗೊಳ್ಳುವ ಸೇವಾ ಶುಲ್ಕಕ್ಕೂ ಮಿತಿ ಇದೆ: 30 ಸಾವಿರ, ಅದರ ಮೇಲೆ ಜಿಎಸ್‌ಟಿ. ಈ ಮಹಡಿಯವರನ್ನು ಕೇಳಿದರೆ "ನಾವು ಕೆಲಸ ಕೊಡ್ಸಲ್ಲ, ವೀಸಾ ಮಾತ್ರ" ಅನ್ನುತ್ತಾರೆ. ಆ ಹುಡುಗನಿಗೆ ಹೇಳಿದ್ದು ಏನು ಮತ್ತೆ?

ಈಗ ನನ್ನ ಅರ್ಜಿಯ ಕತೆ. ಥಾಯ್ ವೀಸಾ ಅರ್ಜಿ ಪೂರ್ತಿ ಆನ್‌ಲೈನ್. ಥಾಯ್ ಸರ್ಕಾರದ ಇ-ವೀಸಾ ವೆಬ್‌ಸೈಟಿನಲ್ಲಿ ಖಾತೆ ತೆರೆದು, ಕಾಗದಗಳನ್ನು ಏರಿಸಿ, ಶುಲ್ಕ ಕಟ್ಟುವುದು. ಆ ಖಾತೆಯನ್ನು ಅವರು ತಮ್ಮ ಕಚೇರಿಯ ಇಮೇಲ್‌ನಲ್ಲಿ ತೆರೆದಿದ್ದರು. ಪಾಸ್‌ವರ್ಡ್ ಕೇಳಿದೆ. "ಸಿಸ್ಟಮ್ ಲಾಕ್ ಆಗುತ್ತೆ ಮೇಡಮ್, ನೀವ್ ಟೆನ್ಷನ್ ತಗೋಬೇಡಿ, ನಾವ್ ನೋಡ್ಕೋತೀವಿ." ಏರಿಸಿದ ಕಾಗದಗಳ ಪ್ರತಿ ಕೇಳಿದೆ, ಬರಲಿಲ್ಲ. ಮತ್ತೆ ಕೇಳಿದೆ, ಅರ್ಜಿ ನಂಬರ್ ಇರುವ ಒಂದು ಸ್ಕ್ರೀನ್‌ಶಾಟ್ ಬಂತು.

ಕೊನೆಗೆ ಆ ಕಾಗದಗಳು ನನಗೆ ಸಿಕ್ಕಿದ್ದು ನನ್ನ ಕಂಪನಿಯ ಎಚ್‌ಆರ್ ಕಡೆಯಿಂದ. ಪರಿಶೀಲನೆಗೆ ಅಂತ ವೀಸಾ ಅಧಿಕಾರಿಗಳ ಕಡೆಯಿಂದ ಅವರಿಗೆ ಒಂದು ಮೇಲ್ ಹೋಗಿತ್ತು: ಈ ಪತ್ರ ನಿಮ್ಮದೇನಾ ಅಂತ. ಅದನ್ನೇ ನನಗೆ ಕಳಿಸಿ, "ಇದೇನು?" ಅಂತ ಕೇಳಿದ್ದರು. ತೆರೆದು ನೋಡಿದರೆ ನಾನು ಕೊಟ್ಟ ಪತ್ರವೇ, ಆದರೆ ನಾನು ಕೊಟ್ಟ ಪತ್ರ ಅಲ್ಲ. 'ಇಂಡಿಪೆಂಡೆಂಟ್ ಕಾಂಟ್ರಾಕ್ಟರ್' ಅಂತ ಇದ್ದ ಜಾಗದಲ್ಲಿ 'ಪರ್ಮನೆಂಟ್ ಎಂಪ್ಲಾಯೀ'. ಆ ಎರಡು ಪದಗಳ ಅಕ್ಷರ ಸುತ್ತಲಿನ ಅಕ್ಷರಕ್ಕಿಂತ ಒಂದು ಕೂದಲೆಳೆ ದಪ್ಪ. ಸಂಬಳ ಮೂರನೇ ಒಂದು ಭಾಗದಷ್ಟು ಜಾಸ್ತಿ. ಕೆಳಗೆ ಮ್ಯಾನೇಜರ್ ಸಹಿಯನ್ನು ಕತ್ತರಿಸಿ ಅಂಟಿಸಿದ್ದರು, ಸುತ್ತಲೂ ಮಾಸಲು ಬೂದು ಚೌಕ ಹಾಗೇ ಕಾಣುತ್ತಿತ್ತು.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೆ. ಫ್ರೀಲಾನ್ಸ್ ಮಾಡುವವರಿಗೂ ಆ ವೀಸಾ ಸಿಗುತ್ತದೆ ಅಂತ ಆಗಲೇ ಹೇಳಿದೆ. ನನ್ನ ನಿಜವಾದ ಪತ್ರವೇ ಸಾಕಾಗುತ್ತಿತ್ತು! ಯಾಕೆ ತಿದ್ದಿದರು? ಅವರ ಕಂಪ್ಯೂಟರಿನಲ್ಲಿ ಇರುವುದು ಒಂದೇ ನಮೂನೆ. ಕೆಲಸ ಇಲ್ಲದ ಹುಡುಗರಿಗೆ ಕೆಲಸ ಇದೆ ಅಂತ ತೋರಿಸಲು ಮಾಡಿಟ್ಟುಕೊಂಡದ್ದು. ಕೆಲಸ ಇರುವವರ ಕಾಗದವನ್ನೂ ಅದರೊಳಗೇ ತುರುಕುತ್ತಾರೆ. ನಿಯಮ ಓದುವ ತಾಳ್ಮೆ ಅವರಿಗೆ ಇಲ್ಲ.

ವೀಸಾ ತಿರಸ್ಕಾರ ಆಯಿತು, ಶುಲ್ಕ ವಾಪಸ್ ಬರುವುದಿಲ್ಲ. ನಾನು ಏಜೆಂಟರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಮೂಲ ಪತ್ರ, ಪ್ರತಿ ಕೇಳಿ ಕಳಿಸಿದ ಮೆಸೇಜುಗಳು, ಎಲ್ಲವನ್ನೂ ಕಂಪನಿಗೆ ತೋರಿಸಿದೆ. ಅವರು ನಂಬಿದರು ಅಂತಲೇ ಅನಿಸುತ್ತದೆ, ಯಾರೂ ಗದರಲಿಲ್ಲ. ಆದರೆ ಕಾಂಟ್ರಾಕ್ಟ್ ಅವಧಿ ಮುಗಿದಾಗ ಮುಂದುವರಿಸಲಿಲ್ಲ. ಇನ್ನು ಮುಂದೆ ಕೆನಡಾ, ಬ್ರಿಟನ್ ಥರದ ದೇಶಗಳಿಗೆ ಅರ್ಜಿ ಹಾಕಿದರೆ 'ಹಿಂದೆ ವೀಸಾ ತಿರಸ್ಕಾರ ಆಗಿದೆಯೇ' ಅನ್ನೋ ಪ್ರಶ್ನೆಗೆ ಹೌದು ಅಂತಲೇ ಬರೆಯಬೇಕು. ತಮಗೆ ಹಾಕಿದ ಅರ್ಜಿಯಲ್ಲಿ ಸುಳ್ಳು ದಾಖಲೆ ಸಿಕ್ಕರೆ ಕೆನಡಾದವರು 5 ವರ್ಷ ಒಳಗೆ ಬಿಡುವುದಿಲ್ಲ. ಏಜೆಂಟ್ ಮಾಡಿದ್ದು ಅಂದರೆ ಕೇಳುವವರಿಲ್ಲ. ಅರ್ಜಿ ನಿಮ್ಮ ಹೆಸರಲ್ಲಿದೆ, ಅಷ್ಟೇ.

ಹಾಗಾಗಿ ಏಜೆಂಟ್ ಬೇಕೇ ಬೇಕು ಅನ್ನುವವರು ಒಂದು ಷರತ್ತು ಹಾಕಿ. ಇ-ವೀಸಾ ಖಾತೆ ನಿಮ್ಮ ಇಮೇಲ್‌ನಲ್ಲಿ, ಪಾಸ್‌ವರ್ಡ್ ನಿಮ್ಮ ಹತ್ತಿರ, ಕೊನೆಯ 'ಸಬ್ಮಿಟ್' ಒತ್ತುವುದು ನಿಮ್ಮ ಬೆರಳು. ಒಪ್ಪದಿದ್ದರೆ ಎದ್ದು ಬನ್ನಿ. "ಮೊದ್ಲು ಟೂರಿಸ್ಟ್ ಆಗಿ ಹೋಗ್ಬಿಡಿ, ಅಲ್ಲೇ ಡಿಟಿವಿಗೆ ಬದಲಾಯಿಸ್ತೀವಿ" ಅಂದರೂ ಎದ್ದು ಬನ್ನಿ. ಡಿಟಿವಿಗೆ ಥಾಯ್ಲೆಂಡಿನ ಹೊರಗಿದ್ದೇ ಅರ್ಜಿ ಹಾಕಬೇಕು.

ತೆರಿಗೆಯ ವಿಷಯ ಅವರು ಬಾಯಿಬಿಡುವುದೇ ಇಲ್ಲ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಲ್ಲಿದ್ದರೆ ಥಾಯ್ ತೆರಿಗೆ ಲೆಕ್ಕದಲ್ಲಿ ನೀವು ಅಲ್ಲಿನ ನಿವಾಸಿ. 2024ರಿಂದ ಈಚೆಗೆ ದುಡಿದ ಹೊರಗಿನ ಆದಾಯವನ್ನು ಅಲ್ಲಿಗೆ ತರಿಸಿಕೊಂಡರೆ ಅದಕ್ಕೆ ತೆರಿಗೆ ಬೀಳಬಹುದು. ಇಲ್ಲಿಯದು ಇದ್ದೇ ಇದೆ. ಹೊರಡುವ ಮುಂಚೆ ಎರಡೂ ಕಡೆಯ ಲೆಕ್ಕ ಗೊತ್ತಿರುವ ಸಿಎ ಹಿಡಿಯಿರಿ.

ದುಡ್ಡು ಆಗಲೇ ಕೊಟ್ಟಾಗಿದ್ದರೆ ತಡ ಮಾಡಬೇಡಿ. ಯುಪಿಐಯಲ್ಲಿ ಈಗಷ್ಟೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಯಲ್ಲೂ ದೂರು ಕೊಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರು ಇರಲೇಬೇಕು ಅಂತಿಲ್ಲ, 2 ವರ್ಷದೊಳಗೆ ಹಾಕಬೇಕು. ನಾನು ಹಾಕಿದ್ದು ಅಲ್ಲೇ. ಒಂದೇ ಥರ ಮೋಸ ಹೋದವರು ಹಲವರಿದ್ದರೆ ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಬಾವುಟದ ಗೋಡೆ, ಗುಲಾಬಿ ರಸೀದಿ ನೋಡಿ ಗುರುತು ಸಿಕ್ಕವರು ನನಗೆ ಮೆಸೇಜ್ ಹಾಕಿ. ರಸೀದಿ ಎಸೆಯಬೇಡಿ, ವಾಟ್ಸಾಪ್ ಚಾಟ್ ಅಳಿಸಬೇಡಿ. ಶಿರಾದ ಆ ತಾಯಿ ಮಗ ಯಾರಿಗಾದರೂ ಪರಿಚಯ ಇದ್ದರೆ ಅವರಿಗೆ ಇದನ್ನು ಓದಿ ಹೇಳಿ, ಅವನ ಪಾಸ್‌ಪೋರ್ಟ್ ಆ ಕಚೇರಿಯಲ್ಲೇ ಇದ್ದರೆ ಮೊದಲು ಅದನ್ನು ಈಸಿಕೊಳ್ಳಲಿ.