ದ ಸೆಲ್ಯುಲಾಯ್ಡ್ ಕ್ಲಾಸೆಟ್ (ಡಿವಿಡಿ): ಗೇ ಪಾತ್ರ ಮಾಡಿದವರ ಮಾತು

ಗೇ (ಸಲಿಂಗಿ) ಪಾತ್ರ ಮಾಡಿದ ಸ್ಟ್ರೈಟ್ (ಸಲಿಂಗಿಯಲ್ಲದ) ನಟ ಸಂದರ್ಶನಕ್ಕೆ ಸಿಕ್ಕರೆ ಮೊದಲ ಪ್ರಶ್ನೆ ಮುತ್ತಿನ ದೃಶ್ಯದ್ದೇ. ನಟ ಧೈರ್ಯದ ಬಗ್ಗೆ ನಾಲ್ಕು ಮಾತಾಡುತ್ತಾನೆ, ಅಲ್ಲಿಗೆ ಮುಗಿಯಿತು. ರಾಬ್ ಎಪ್‌ಸ್ಟೀನ್ ಮತ್ತು ಜೆಫ್ರಿ ಫ್ರೀಡ್‌ಮನ್ ಹಾಲಿವುಡ್ ಚಿತ್ರಗಳು ಸಲಿಂಗಿಗಳನ್ನು ಹೇಗೆ ತೋರಿಸಿದವು ಎಂಬುದರ ಬಗ್ಗೆ 1995ರಲ್ಲಿ ಮಾಡಿದ ಈ ಸಾಕ್ಷ್ಯಚಿತ್ರದಲ್ಲಿ ನಟರು ದೃಶ್ಯದೊಳಗಿನ ಕೆಲಸದ ಬಗ್ಗೆ ಮಾತಾಡುತ್ತಾರೆ. ಡಿಸ್ಕ್ ಹುಡುಕಿ ಕೊಳ್ಳಬೇಕಾದ್ದು ಇದಕ್ಕಾಗಿಯೇ. ವಿಟೊ ರುಸ್ಸೊ ಅವರ 1981ರ ಪುಸ್ತಕ ಇದಕ್ಕೆ ಆಧಾರ, ನಿರೂಪಣೆ ಲಿಲಿ ಟಾಮ್ಲಿನ್ ಅವರದು.

ಸುಸಾನ್ ಸರಾಂಡನ್ ಮಾತನ್ನೇ ತೆಗೆದುಕೊಳ್ಳಿ. ‘ದ ಹಂಗರ್’ (1983) ಚಿತ್ರದಲ್ಲಿ ಅವರ ಪಾತ್ರ ಕುಡಿದ ಅಮಲಿನಲ್ಲಿ ಕ್ಯಾಥರೀನ್ ದನೂವ್ ಪಾತ್ರದ ತೆಕ್ಕೆಗೆ ಬೀಳಬೇಕೆಂದು ಬರೆಯಲಾಗಿತ್ತು. ಸರಾಂಡನ್ ಒಪ್ಪಲಿಲ್ಲ. ದನೂವ್ ಎದುರಿಗಿರುವಾಗ ಅಮಲು ಏಕೆ ಬೇಕು ಎಂಬುದು ಅವರ ವಾದ. ಆ ದೃಶ್ಯವನ್ನು ಈಗ ನೋಡಿ: ಷೆರಿ ವೈನ್ ಬಿಳಿ ಟೀಶರ್ಟಿನ ಮೇಲೆ ಚೆಲ್ಲುತ್ತದೆ, ಆಕೆ ಅದನ್ನು ಉಜ್ಜುತ್ತಾಳೆ, ಕಣ್ಣು ಮಾತ್ರ ನಿಚ್ಚಳವಾಗಿದೆ. ಅಮಲಿನ ನೆಪ ಹೋದದ್ದರಿಂದ ಅಲ್ಲಿ ನಡೆಯುವುದೆಲ್ಲ ಆಕೆಯ ಇಷ್ಟದಿಂದಲೇ ನಡೆಯುತ್ತದೆ. ಪಾತ್ರವನ್ನು ಇಷ್ಟು ಹತ್ತಿರದಿಂದ ಬಿಡಿಸಿ ಹೇಳುವ ನಟರು ಕಡಿಮೆ.

ಶರ್ಲಿ ಮೆಕ್ಲೇನ್ ಹೇಳುವುದು ಇದಕ್ಕೆ ತದ್ವಿರುದ್ಧ. ‘ದ ಚಿಲ್ಡ್ರನ್ಸ್ ಅವರ್’ (1961) ಚಿತ್ರೀಕರಣದ ಉದ್ದಕ್ಕೂ ತಾವಾಗಲಿ ಆಡ್ರಿ ಹೆಪ್‌ಬರ್ನ್ ಆಗಲಿ ಕಥೆಯ ತಿರುಳಾದ ಸಲಿಂಗ ಪ್ರೇಮದ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಮರುಕ್ಷಣವೇ ಆ ಚಿತ್ರದ ತಪ್ಪೊಪ್ಪಿಗೆಯ ದೃಶ್ಯ ನೋಡುವಾಗ, ಅಷ್ಟು ದೊಡ್ಡ ಅಭಿನಯದ ಹಿಂದಿನ ಮೌನ ಎದೆಗೆ ನಾಟುತ್ತದೆ.

ಹ್ಯಾರಿ ಹ್ಯಾಮ್ಲಿನ್ (‘ಮೇಕಿಂಗ್ ಲವ್’, 1982), ಟೋನಿ ಕರ್ಟಿಸ್ ಕೂಡ ಇದ್ದಾರೆ. ಕರ್ಟಿಸ್ ಮತ್ತು ಲಾರೆನ್ಸ್ ಒಲಿವಿಯರ್ ನಟಿಸಿದ ‘ಸ್ಪಾರ್ಟಕಸ್’ನಲ್ಲಿ, ಅವರಿಬ್ಬರ ಪಾತ್ರಗಳ ನಡುವೆ ಸಲಿಂಗಾಕರ್ಷಣೆಯ ಸೂಚನೆ ಇದ್ದ ಸ್ನಾನದ ದೃಶ್ಯ 1960ರಲ್ಲಿ ಕತ್ತರಿಗೆ ಸಿಕ್ಕಿ, 1991ರಲ್ಲಿ ಮರಳಿ ಸೇರಿತು. ಧ್ವನಿ ಕಳೆದುಹೋಗಿತ್ತು, ಒಲಿವಿಯರ್ ತೀರಿಕೊಂಡಿದ್ದರು. ಹಾಗಾಗಿ ಅವರಿಗೆ ಆಂಥನಿ ಹಾಪ್ಕಿನ್ಸ್ ಕಂಠದಾನ ಮಾಡಿದರು.

ಕೊರತೆಯೂ ಇದೆ. ‘ಫಿಲಡೆಲ್ಫಿಯಾ’ದಲ್ಲಿ (1993) ಏಡ್ಸ್ ಪೀಡಿತ ಗೇ ವಕೀಲನ ಪಾತ್ರ ಮಾಡಿದ ಟಾಮ್ ಹ್ಯಾಂಕ್ಸ್ ತಮ್ಮ ನಿರುಪದ್ರವಿ ಇಮೇಜು ಪ್ರೇಕ್ಷಕರ ಅಂಜಿಕೆ ಕಳೆದದ್ದನ್ನು ಹೇಳುತ್ತಾರೆ. ಆದರೆ ಆ ಪಾತ್ರ ಗೇ ನಟನಿಗೆ ಏಕೆ ಹೋಗಲಿಲ್ಲ ಎಂದು ಕೇಳುವವರಿಲ್ಲ. ಅಂಥ ಪಾತ್ರವನ್ನು ಇಂದು ಸ್ಟ್ರೈಟ್ ನಟ ಮಾಡಲಾಗದು, ಅದೇ ಸರಿ ಎಂದು ಹ್ಯಾಂಕ್ಸ್ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ್ದು 2022ರಲ್ಲಿ. ಡಿಸ್ಕ್ ನೋಡಿದವರು ಆ ಸಂದರ್ಶನವನ್ನೂ ಜೊತೆಗಿಟ್ಟು ಓದಬೇಕು.

ಕೊಳ್ಳುವ ಮುನ್ನ ಪೆಟ್ಟಿಗೆಯ ಹಿಂಬದಿ ನೋಡಿ. ಡಿವಿಡಿ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡುತ್ತದೆ ಎಂಬುದನ್ನು ರೀಜನ್ ಸಂಖ್ಯೆ ಹೇಳುತ್ತದೆ: ಅಮೆರಿಕದ ಪ್ರತಿ ರೀಜನ್ 1, ಭಾರತದ್ದು ರೀಜನ್ 5. ಇಲ್ಲಿ ಕೊಂಡ ಪ್ಲೇಯರ್ ಮಲ್ಟಿ-ರೀಜನ್ (ಹಲವು ರೀಜನ್‌ಗಳ ಡಿಸ್ಕ್ ಓಡಿಸುವಂಥದ್ದು) ಅಲ್ಲದಿದ್ದರೆ ಅಮೆರಿಕದ ಡಿಸ್ಕ್ ಓಡುವುದಿಲ್ಲ. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಸಾಮಾನ್ಯವಾಗಿ ಐದೇ ಅವಕಾಶ, ಆಮೇಲೆ ಕೊನೆಯದರಲ್ಲೇ ಲಾಕ್ ಆಗುತ್ತದೆ. ‘ರೆಸ್ಕ್ಯೂಡ್ ಫ್ರಮ್ ದ ಕ್ಲಾಸೆಟ್’ ಎಂಬ ಹೆಚ್ಚುವರಿ ವಿಭಾಗ ಇರುವ ಪ್ರತಿಯನ್ನೇ ಆರಿಸಿ. ಮೂಲ ಚಿತ್ರದಲ್ಲಿ ಸಂದರ್ಶನಗಳು ತುಣುಕು ತುಣುಕಾಗಿ ಬರುತ್ತವೆ, ಅಲ್ಲಿ ಕೈಬಿಟ್ಟ ಮಾತುಗಳು ಇಲ್ಲಿ ಸಿಗುತ್ತವೆ.