ಕ್ಯಾನನ್ 18-55 ಕಿಟ್ ಲೆನ್ಸ್: ಬೀದರ್‌ನಲ್ಲಿ ಹಲವು ವರ್ಷ ಬಳಸಿದ ಮೇಲೆ

ಕ್ಯಾನನ್ 1500ಡಿ ಕ್ಯಾಮೆರಾ ಜೊತೆಗೆ ಬಂದ 18-55 ಲೆನ್ಸನ್ನು ಹಲವು ವರ್ಷಗಳಿಂದ ಬೀದರ್‌ನಲ್ಲಿ ಬಳಸುತ್ತಿದ್ದೇನೆ. ಹೊಸಬರಿಗೆ ಇದು ಒಳ್ಳೆಯ ಲೆನ್ಸು. ಆದರೆ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನೋದು ಮುಂದಿನ ಗಾಜಿನ ಸುತ್ತ ಒಂದೇ ಸಾಲಿನಲ್ಲಿ ಬರೆದಿದೆ. ಕೊಳ್ಳುವ ಮೊದಲು ಅದನ್ನು ಓದಲು ಕಲಿಯಿರಿ.

ಸಾಲು ಹೀಗಿದೆ: ಇಎಫ್-ಎಸ್ 18-55 ಎಂಎಂ, 1:3.5-5.6, ಐಎಸ್ 2. ಜೊತೆಗೆ ಗೆರೆ ಎಳೆದ ಸೊನ್ನೆಯ ಮುಂದೆ 58 ಎಂಎಂ, ಮ್ಯಾಕ್ರೋ 0.25 ಮೀ.

18-55 ಅಂದರೆ ಫೋಕಲ್ ಲೆಂತ್, ಲೆನ್ಸು ಎಷ್ಟು ಅಗಲ ನೋಡುತ್ತದೆ, ಎಷ್ಟು ಹತ್ತಿರ ತರುತ್ತದೆ ಅನ್ನೋ ಅಳತೆ. 1472ರ ಮಹಮೂದ್ ಗವಾನ್ ಮದರಸಾದ ಎದುರು ನಿಂತು ನೋಡಿ. 18ರಲ್ಲಿ ಕಟ್ಟಡ, ಮಿನಾರ್, ಮೇಲಿನ ಆಕಾಶ ಎಲ್ಲ ಬರುತ್ತದೆ. ಕ್ಯಾಮೆರಾ ಮೇಲಕ್ಕೆ ಎತ್ತಿದಿರೋ, ಮಿನಾರ್ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಸ್ವಲ್ಪ ದೂರ ಸರಿದು ನೇರವಾಗಿ ಹಿಡಿಯೋದೇ ವಾಸಿ. 55ಕ್ಕೆ ತಿರುಗಿಸಿದರೆ ಗೋಡೆಯ ಮೇಲೆ ಉಳಿದಿರುವ ಬಣ್ಣದ ಟೈಲ್ಸ್ ಹತ್ತಿರ ಬರುತ್ತವೆ. ಹಗಲಿನ ಬೆಳಕಿನಲ್ಲಿ ಇದರ ಚಿತ್ರಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಎಲ್ಲಕ್ಕಿಂತ ಮುಖ್ಯ 1:3.5-5.6. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಷ್ಟು ದೊಡ್ಡದಾಗಿ ತೆರೆಯಬಹುದು ಅನ್ನೋದರ ಲೆಕ್ಕ ಇದು. ಫೋಕಲ್ ಲೆಂತ್ ಅನ್ನು ಈ ಅಂಕಿಯಿಂದ ಭಾಗಿಸಿದರೆ ಬೆಳಕಿನ ಕಿಂಡಿಯ ಅಗಲ ಸಿಗುತ್ತದೆ. ಅದಕ್ಕೇ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಎರಡು ಅಂಕಿ ಯಾಕೆ? 18ರಲ್ಲಿ 3.5ರವರೆಗೆ ತೆರೆಯುತ್ತದೆ, 55ಕ್ಕೆ ಹೋದರೆ 5.6ರಲ್ಲೇ ನಿಲ್ಲುತ್ತದೆ. ಅಂದರೆ ಜೂಮ್ ಮಾಡಿದಾಗ ಬೆಳಕು ಸುಮಾರು ಎರಡೂವರೆ ಪಟ್ಟು ಕಡಿಮೆ.

ಇದರ ಬಿಸಿ ತಟ್ಟೋದು ಬಿದರಿ ಕೆಲಸದ ಕೋಣೆಯಲ್ಲಿ. ನನಗೆ ಅತಿ ಇಷ್ಟದ ಜಾಗ ಅದು. ಸತು, ತಾಮ್ರದ ಮಿಶ್ರಲೋಹದ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಬೆಳಕು ಒಂದು ಕಿಟಕಿಯಿಂದ ಬರುವುದಷ್ಟೇ. "ಹತ್ರ ಬಂದು ತಗಿ, ಖರೆ ಕೆಲಸ ಇಲ್ಲೇ ಅದ" ಅಂತ ಅಲ್ಲಿನ ಕುಶಲಕರ್ಮಿ ಚಾಚಾ ಕರೆಯುತ್ತಾರೆ. ಬೆರಳು, ಉಳಿ ಮಾತ್ರ ಬರಲಿ ಅಂತ 55ಕ್ಕೆ ತಿರುಗಿಸುತ್ತೇನೆ. ಅಲ್ಲಿಗೆ 5.6. ಶಟರ್ ನಿಧಾನವಾಗುತ್ತದೆ, ಇಲ್ಲವೇ ಮಂದ ಬೆಳಕಲ್ಲೂ ಚಿತ್ರವನ್ನು ಬೆಳಗಿಸುವ ಐಎಸ್‌ಒ ಏರಿಸಿದರೆ ಚಿತ್ರ ಕಾಳುಕಾಳಾಗುತ್ತದೆ.

ಆಗ ಐಎಸ್ (ಇಮೇಜ್ ಸ್ಟೆಬಿಲೈಸರ್) ಇದೆಯಲ್ಲ ಅಂತ ಕೇಳುವವರು ಜಾಸ್ತಿ. ಐಎಸ್ ತಡೆಯೋದು ನಮ್ಮ ಕೈಯ ನಡುಕವನ್ನು, ಚಾಚಾ ಅವರ ಸುತ್ತಿಗೆಯನ್ನಲ್ಲ. ಶಟರ್ ಸೆಕೆಂಡಿನ 15ನೇ ಒಂದು ಭಾಗಕ್ಕೆ ಇಳಿದರೆ ಬೆಳ್ಳಿಯ ತಂತಿ ಸ್ಪಷ್ಟ, ಸುತ್ತಿಗೆ ಮಬ್ಬು. ಕೆಲವು ಸಲ ಅದೂ ಚಂದವೇ. ಆದರೆ ಬೆಳಕಿಲ್ಲದ್ದಕ್ಕೆ ಐಎಸ್ ಪರಿಹಾರ ಅಂತ ನಂಬಿ ಕೊಳ್ಳಬೇಡಿ. ಟ್ರೈಪಾಡ್ ಮೇಲೆ ಇಟ್ಟಾಗ ಪಕ್ಕದ ಸ್ವಿಚ್‌ನಿಂದ ಅದನ್ನು ಆಫ್ ಮಾಡಿ.

ಗೆರೆ ಎಳೆದ ಸೊನ್ನೆಯ ಪಕ್ಕದ 58 ಫಿಲ್ಟರ್ ಅಳತೆ. ಅಂಗಡಿಯಲ್ಲಿ "ಎಷ್ಟು ಎಂಎಂ?" ಅಂತ ಕೇಳಿದರೆ 55 ಅನ್ನಬೇಡಿ, 58 ಅನ್ನಿ. ಕ್ಯಾಪಿಗೂ ಇದೇ ಅಳತೆ. ಇನ್ನೊಂದು ವಿಷಯ: ಫೋಕಸ್ ಮಾಡುವಾಗ ಈ ಲೆನ್ಸಿನ ಮುಂಭಾಗ ತಿರುಗುತ್ತದೆ. ಪೋಲರೈಸರ್ (ಹೊಳಪು ತಗ್ಗಿಸಲು ತಿರುಗಿಸಿ ಹೊಂದಿಸುವ ಫಿಲ್ಟರ್) ಹಾಕಿದ್ದರೆ ಫೋಕಸ್ ಆದ ಮೇಲೆ ಮತ್ತೆ ಸರಿಮಾಡಬೇಕು. ಬಿಸಿಲಲ್ಲಿ ಕೋಟೆಗೆ ಹೋದಾಗ ಇದು ಸ್ವಲ್ಪ ಕಿರಿಕಿರಿ.

0.25 ಮೀಟರ್ ಅಂದರೆ ಎಷ್ಟು ಹತ್ತಿರ ಹೋಗಬಹುದು ಅನ್ನೋದು. ಅದನ್ನು ಅಳೆಯೋದು ಲೆನ್ಸಿನ ತುದಿಯಿಂದಲ್ಲ, ಕ್ಯಾಮೆರಾ ಒಳಗಿನ ಸೆನ್ಸರ್‌ನಿಂದ. ಮ್ಯಾಕ್ರೋ ಅಂತ ಬರೆದಿದ್ದರೂ ಇದು ನಿಜವಾದ ಮ್ಯಾಕ್ರೋ ಲೆನ್ಸ್ ಅಲ್ಲ. ಬಿದರಿ ಹೂಜಿಯ ಒಂದು ಬಳ್ಳಿ ಬರುತ್ತದೆ, ಆ ಬಳ್ಳಿಯ ಒಂದು ಎಳೆ ಚೌಕಟ್ಟು ತುಂಬುವುದಿಲ್ಲ.

ಇಎಫ್-ಎಸ್ ಅಂದರೆ ಚಿಕ್ಕ ಸೆನ್ಸರ್‌ನ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಮಾಡಿದ್ದು. ಬಿಳಿ ಚೌಕದ ಗುರುತಿಗೆ ಹೊಂದಿಸಿ ಕೂರಿಸಬೇಕು. ಕ್ಯಾನನ್‌ನ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಡಿಎಸ್‌ಎಲ್‌ಆರ್‌ಗೆ ಇದು ಕೂರುವುದಿಲ್ಲ. ಮುಂದೆ ಅಂಥದ್ದು ಕೊಳ್ಳುವ ಆಸೆ ಇದ್ದರೆ ಈಗಲೇ ಗಮನದಲ್ಲಿರಲಿ.

ತೂಕ ಸುಮಾರು 200 ಗ್ರಾಂ. ಇಡೀ ದಿನ ಕೊರಳಲ್ಲಿ ಇದ್ದರೂ ಭಾರ ಅನ್ನಿಸುವುದಿಲ್ಲ. ಕ್ಯಾಮೆರಾಗೆ ಕೂರುವ ಬಳೆ ಪ್ಲಾಸ್ಟಿಕ್, ಆದರೂ ನನ್ನದು ಸಡಿಲವಾಗಿಲ್ಲ.

ಊರು, ಕೋಟೆ, ಮನೆಮಂದಿಯ ಚಿತ್ರಕ್ಕೆ ಇದೊಂದೇ ಸಾಕು. ಒಳಗಿನ ಕೆಲಸ ಜಾಸ್ತಿ ಇದ್ದರೆ ಇದನ್ನು ಮಾರದೆ ಜೊತೆಗೆ ಇಎಫ್ 50 ಎಂಎಂ 1:1.8 ಎಸ್‌ಟಿಎಂ ತಗೊಳ್ಳಿ. ಪೂರ್ತಿ ತೆರೆದರೆ 5.6ಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಅದರಲ್ಲಿ ಐಎಸ್ ಇಲ್ಲ, ಫಿಲ್ಟರ್ ಅಳತೆ 49, ಹಾಗಾಗಿ 58ರ ಫಿಲ್ಟರ್ ನೇರವಾಗಿ ಕೂರುವುದಿಲ್ಲ.